ಎರಡನೇ ಸಹಿ

ಸಭಾಂಗಣದ ಬಾಲ್ಕನಿಯ ಅಡಿಯಲ್ಲಿ, ಏಣಿಯ ಏಳನೆಯ ಮೆಟ್ಟಿಲ ಮೇಲೆ ನಿಂತು ಅವನು ಗಾಜಿನ ಪಟ್ಟಿಯ ಮೇಲೆ ಉಗುರು ಎಳೆದ. ನಟ್ಟನಡುವೆ ಉಗುರು ತಡೆಯಿತು. ಇನ್ನೊಮ್ಮೆ ಎಳೆದ, ಈ ಸಲ ಬಲಗಡೆಯಿಂದ ಎಡಕ್ಕೆ. ಅಲ್ಲೇ ತಡೆಯಿತು. ಕನ್ನಡಕ ಹಣೆಗೇರಿಸಿ, ಮೂಗು ಸಿಮೆಂಟಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದ. ಗಾಜು ಒಡೆದಿತ್ತು. ಚೂರಾಗಿರಲಿಲ್ಲ, ಬಿದ್ದಿರಲಿಲ್ಲ, ಸುಮ್ಮನೆ ಒಂದು ಗೆರೆ, ಅಂಗೈಯ ಗೆರೆಯಂಥದ್ದು.

"ಇಳೀರಿ ಸಾರ್. ಆ ಏಣಿ ನನ್ನ ಮಾತೇ ಕೇಳಲ್ಲ, ನಿಮ್ಮ ಮಾತು ಕೇಳತ್ತಾ?" ಅಂದ ಕಾವಲುಗಾರ ಕೆಳಗಿನಿಂದ. ಅವನು ಏಣಿಯನ್ನು ಹಿಡಿದುಕೊಂಡಿದ್ದ, ಆದರೆ ಒಂದೇ ಕೈಯಲ್ಲಿ; ಇನ್ನೊಂದರಲ್ಲಿ ಬೀಗದ ಕೈಗಳ ಗೊಂಚಲಿತ್ತು, ಅದನ್ನು ಅವನು ಸ್ನಾನಕ್ಕೆ ಹೋದಾಗಲೂ ಬಿಡುತ್ತಿರಲಿಲ್ಲ ಎಂದು ಸಂಘದಲ್ಲಿ ತಮಾಷೆ.

"ಈ ಕಡೆ ಯಾರಾದ್ರೂ ಬಂದಿದ್ರಾ?"

"ಯಾರು ಬರ್ತಾರೆ? ನಾನೇ ನೆನ್ನೆ ಜೇಡರ ಬಲೆ ತೆಗೆದೆ. ಉದ್ದ ಕೋಲಿನ ಪೊರಕೆ ಇದೆಯಲ್ಲ, ಅದರಲ್ಲಿ. ಯಾಕೆ, ಇನ್ನೂ ಉಳಿದಿದೆಯಾ?"

ಕೋಲು. ಕೋಲು ತಗುಲಿರಬಹುದು. ಅವನ ಎದೆಯೊಳಗೆ ಏನೋ ಮೆತ್ತಗೆ ಕುಳಿತುಕೊಂಡಿತು. ತಗುಲಿರಬಹುದು ಎಂಬುದು ತಗುಲಿದೆ ಎಂದಾಗಲು ಎಷ್ಟು ಹೊತ್ತು ಬೇಕು? ಏಳು ಮೆಟ್ಟಿಲು ಇಳಿಯುವಷ್ಟು ಹೊತ್ತು ಸಾಕು ಅನ್ನಿಸಿತು. ಆದರೆ ಮೂರನೆಯ ಮೆಟ್ಟಿಲಿಗೆ ಬಂದಾಗಲೇ ಆ ಸಮಾಧಾನ ಕೈಬಿಟ್ಟು ಹೋಯಿತು. ಮೂರು ವಾರದ ಹಿಂದೆ, ಯಾರೂ ಇಲ್ಲದ ಒಂದು ಮಧ್ಯಾಹ್ನ, ಅವನೇ ಆ ಬೆರಳುದ್ದದ ಗಾಜನ್ನು ಪ್ಲಾಸ್ಟರಿನಿಂದ ಅಲ್ಲಿ ಅಂಟಿಸಿದ್ದ. ಬಾಲ್ಕನಿಯ ತೊಲೆ ಗೋಡೆಯನ್ನು ಸೇರುವಲ್ಲಿ, ಮೇಲಿನಿಂದ ಕೆಳಕ್ಕೆ, ಕೂದಲೆಳೆಯಷ್ಟು ಬಿರುಕಿತ್ತು. ಬಿರುಕು ಸತ್ತಿದೆಯೋ ಇನ್ನೂ ಬದುಕಿದೆಯೋ ತಿಳಿಯಲು ಅವನ ಕಸುಬಿನವರ ಹಳೆಯ ಉಪಾಯ ಅದು. ಬಿರುಕು ಅಗಲವಾಗುತ್ತಿದ್ದರೆ ಗಾಜಿಗೆ ಹಿಗ್ಗಲು ಬರುವುದಿಲ್ಲ, ಒಡೆಯುತ್ತದೆ. ಗಾಜು ಸುಳ್ಳು ಹೇಳುವುದಿಲ್ಲ ಎಂದು ಅವನು ಹೊಸದಾಗಿ ಸೇರಿದವರಿಗೆ ಪಾಠ ಹೇಳುತ್ತಿದ್ದ. ಗಾಜಿಗೆ ಪೊರಕೆ ತಗುಲಿದರೆ ಏನು ಮಾಡಬೇಕೆಂದು ಯಾರೂ ಕೇಳಿರಲಿಲ್ಲ.

ಹತ್ತು ಗಂಟೆ. ಹನ್ನೊಂದಕ್ಕೆ ಸಭೆ. ಇಂಜಿನಿಯರುಗಳ ಸಂಘದ ಐವತ್ತನೇ ವರ್ಷದ ಮಹಾಸಭೆ. ಇವತ್ತು ಹೊಸ ಅಧ್ಯಕ್ಷರ ಆಯ್ಕೆ. ಆಯ್ಕೆ ಅಂದರೆ ಹೆಸರಿಗೆ. ಹನ್ನೆರಡು ವರ್ಷ ಕಾರ್ಯದರ್ಶಿಯಾಗಿ ದುಡಿದ ಅವನ ಹೆಸರೊಂದೇ ಇತ್ತು. ಕೆಳಗೆ ಇನ್ನೂರು ಕುರ್ಚಿ, ಹಳೆಯ ಸದಸ್ಯರಿಗೆ. ಮೇಲೆ ಬಾಲ್ಕನಿಯಲ್ಲಿ ನೂರಿಪ್ಪತ್ತು, ಕಾಲೇಜುಗಳಿಂದ ಬರುವ ಹುಡುಗ ಹುಡುಗಿಯರಿಗೆ. ಮೇಲಿನ ಕುರ್ಚಿಗಳು ಇನ್ನೂ ಮೆಟ್ಟಿಲ ಬುಡದಲ್ಲಿ ಒಂದರೊಳಗೊಂದು ಸಿಕ್ಕಿಸಿಕೊಂಡು ನಿಂತಿದ್ದವು. ಬಾಲ್ಕನಿಯ ಬಾಗಿಲಿಗೆ ವರ್ಷದಿಂದ ಬೀಗ. ಹಳೆಯ ಮರದ ಆಸನಗಳು ಹುಳು ಹಿಡಿದವೆಂದು ಕಿತ್ತು ಹಾಕಿದ ಮೇಲೆ ಅಲ್ಲಿಗೆ ಯಾರೂ ಹತ್ತಿರಲಿಲ್ಲ.

"ಕಾಗದ ಬಂದ್ರೆ ಬೀಗ ತೆಗೀತೀನಿ ಸಾರ್, ಕುರ್ಚಿ ಸಾಗಿಸ್ಬೇಕಲ್ಲ," ಅಂದ ಕಾವಲುಗಾರ.

"ಬರತ್ತೆ."

"ಎರಡು ಸಹಿ ಇರ್ಬೇಕು. ನಂಗೆ ಇಂಜಿನಿಯರಿಂಗ್ ಗೊತ್ತಿಲ್ಲ, ಎಣಿಸೋಕೆ ಗೊತ್ತು. ಒಂದು, ಎರಡು. ಅಷ್ಟೇ ನನ್ನ ಓದು."

ಅದು ಸಂಘವೇ ಮಾಡಿದ ನಿಯಮ. ನೂರು ಜನಕ್ಕಿಂತ ಹೆಚ್ಚು ಸೇರುವ ಯಾವ ಜಾಗವನ್ನೇ ಆಗಲಿ ತೆರೆಯುವ ಮುಂಚೆ ಒಬ್ಬ ಇಂಜಿನಿಯರು ಲೆಕ್ಕ ನೋಡಿ ಸಹಿ ಹಾಕಬೇಕು, ಇನ್ನೊಬ್ಬನು ಆ ಲೆಕ್ಕವನ್ನು ಮೊದಲಿನಿಂದ ತಾನೇ ಮಾಡಿ ನೋಡಿ ಎರಡನೇ ಸಹಿ ಹಾಕಬೇಕು. ಊರೆಲ್ಲ ಅದನ್ನು ಪಾಲಿಸುವಂತೆ ಮಾಡಿದ್ದು ಅವನೇ. ನಿಯಮದ ಒಂದು ಪ್ರತಿಯನ್ನು ಈ ಕಾವಲುಗಾರನ ಕೈಗೆ ಕೊಟ್ಟು, ಎರಡು ಸಹಿ ಇಲ್ಲದೆ ದೇವರು ಬಂದರೂ ಬೀಗ ತೆಗೆಯಬೇಡ ಎಂದು ಎಲ್ಲರ ಎದುರು ನಗುತ್ತ ಹೇಳಿದ್ದೂ ಅವನೇ. ಕಾಗದದ ಮೇಲೆ ಮೊದಲ ಸಹಿ ಅವನದು ಬಿದ್ದಾಗಿತ್ತು. ಎರಡನೆಯದಕ್ಕೆ ಮೂರು ದಿನದ ಹಿಂದೆ ತನ್ನ ಅಕ್ಕನ ಮಗಳಿಗೆ ಬಾಲ್ಕನಿಯ ಹಳೆಯ ಲೆಕ್ಕದ ಹಾಳೆಗಳನ್ನು ಕೊಟ್ಟಿದ್ದ. ಅವಳು ಅವನ ಆಫೀಸಿನಲ್ಲೇ ಕೆಲಸಕ್ಕಿದ್ದಳು. ಆಫೀಸಿನವರು ಅವಳಿಗಿಟ್ಟ ಹೆಸರು ಭೂತಕನ್ನಡಿ.

ಹದಿನಾಲ್ಕು ಹಾಳೆ. ಕೊಟ್ಟಿದ್ದು ಹದಿಮೂರು. ಒಂದನೇ ಪುಟ ನಾಲ್ಕು ಮಡಿಕೆಯಾಗಿ ಅವನ ಅಂಗಿಯ ಜೇಬಿನಲ್ಲಿತ್ತು, ಮೂರು ದಿನದಿಂದ, ಅಂಗಿ ಬದಲಾದರೂ ಜೇಬು ಬದಲಾಗದೆ. ನೆನ್ನೆ ಬೆಳಿಗ್ಗೆ ಹೆಂಡತಿ ಒಗೆಯಲು ಅಂಗಿ ತೆಗೆದುಕೊಂಡಾಗ ಅವನು ಬಚ್ಚಲಮನೆಯಿಂದ ಅರ್ಧ ಸೋಪಿನ ಮುಖದಲ್ಲಿ ಓಡಿಬಂದಿದ್ದ. "ಪ್ರೇಮಪತ್ರಾನಾ?" ಅಂದಿದ್ದಳು ಅವಳು, "ಈ ವಯಸ್ಸಲ್ಲಿ ಬರೆಯೋಳು ಯಾರಪ್ಪ ಪುಣ್ಯಾತಗಿತ್ತಿ!" ಅವನೂ ನಕ್ಕಿದ್ದ. ಸೋಪು ಕಣ್ಣಿಗೆ ಹೋಗಿ ನೀರು ಬಂದಿತ್ತು.

ಆ ಪುಟದಲ್ಲಿ ಮೇಲಿನಿಂದ ನಾಲ್ಕನೆಯ ಸಾಲಿನಲ್ಲಿ, ಗೋಡೆಯಿಂದ ಬಾಲ್ಕನಿಯ ಚಾಚು ಆರು ಅಡಿ ಎಂದು, ಈ ಕಟ್ಟಡದ ಲೆಕ್ಕ ಮಾಡಿದ ಅವನ ಆಗಿನ ಯಜಮಾನರ, ಎಲ್ಲರೂ ದೊಡ್ಡವರು ಎನ್ನುತ್ತಿದ್ದವರ, ದುಂಡು ಅಕ್ಷರದಲ್ಲಿತ್ತು. ಕಟ್ಟಿದ ಬಾಲ್ಕನಿಯ ಚಾಚು ಎಂಟು ಅಡಿ. ಕೆಳಗೆ ಕಂಬವಿಲ್ಲದೆ ಗೋಡೆಯಿಂದ ಹೊರಗೆ ಚಾಚಿದ್ದಕ್ಕೆ ಎರಡಡಿ ಹೆಚ್ಚಾದರೆ ಎರಡಡಿಯಷ್ಟೇ ಭಾರ ಹೆಚ್ಚುವುದಿಲ್ಲ, ಚಾಚನ್ನು ಚಾಚಿನಿಂದಲೇ ಗುಣಿಸಿದಷ್ಟು ಹೆಚ್ಚುತ್ತದೆ. ಆರಾರಲಿ ಮೂವತ್ತಾರು, ಎಂಟೆಂಟಲಿ ಅರವತ್ತನಾಲ್ಕು. ಮೂರು ವಾರದಿಂದ ಈ ಮಗ್ಗಿ ಅವನ ತಲೆಯಲ್ಲಿ ಶಾಲೆಯ ಮಕ್ಕಳ ದನಿಯಲ್ಲಿ ನಡೆಯುತ್ತಿತ್ತು. ಹಲ್ಲುಜ್ಜುವಾಗ, ಸಿಗ್ನಲ್ಲಿನಲ್ಲಿ ನಿಂತಾಗ, ಹೆಂಡತಿ ಏನೋ ಕೇಳಿ ಉತ್ತರಕ್ಕೆ ಕಾಯುವಾಗ. ಮೂವತ್ತಾರಕ್ಕೆ ಲೆಕ್ಕ ಹಾಕಿ ಕಟ್ಟಿದ ಕಬ್ಬಿಣ ಅರವತ್ತನಾಲ್ಕನ್ನು ಮೂವತ್ತೊಂದು ವರ್ಷದಿಂದ ಹೊತ್ತಿತ್ತು. ಹೊತ್ತಿತ್ತು ಏಕೆಂದರೆ ಮೇಲೆ ಯಾವತ್ತೂ ಮೂವತ್ತು ನಲವತ್ತು ಜನಕ್ಕಿಂತ ಹೆಚ್ಚು ಕೂತೇ ಇರಲಿಲ್ಲ.

ಮೂವತ್ತೊಂದು ವರ್ಷದ ಹಿಂದೆ ದೊಡ್ಡವರ ಆಫೀಸಿನಲ್ಲಿ ಅವನಿಗೆ ಕಿಟಕಿ ಪಕ್ಕದ ಮೇಜು. ಸಂಜೆ ಐದಾಗುತ್ತ ಬಂದಿತ್ತು. ಹಾಳೆಗಳನ್ನು ಮೇಜಿನ ಮೇಲಿಟ್ಟು ದೊಡ್ಡವರು ಅಂದಿದ್ದರು: "ಒಂದು ಸಲ ಕಣ್ಣಾಡಿಸಿ ಸಹಿ ಹಾಕು ಕಣಯ್ಯ, ಕಾಫಿ ಆರಿಹೋಗತ್ತೆ." ಅವರ ಆಫೀಸಿನ ಪದ್ಧತಿಯೊಂದಿತ್ತು. ಪರಿಶೀಲಿಸುವವನು ಪ್ರತಿ ಅಂಕಿಯ ಪಕ್ಕದಲ್ಲೂ ಕೆಂಪು ಪೆನ್ಸಿಲಿನಿಂದ ಸಣ್ಣದೊಂದು ಟಿಕ್ ಹಾಕಬೇಕು. ಅವನು ಎರಡನೇ ಪುಟದಿಂದ ಗುಣಾಕಾರ ನೋಡಿದ್ದ. ಅದೂ ಅಲ್ಲೊಂದು ಇಲ್ಲೊಂದು. ಎಲ್ಲ ಸರಿಯಿತ್ತು. ದೊಡ್ಡವರ ಗುಣಾಕಾರ ತಪ್ಪಿದ್ದನ್ನು ಕಂಡವರಿಲ್ಲ. ಒಂದನೇ ಪುಟ ಎಂದರೆ ಅವರು ಕೊಟ್ಟ ಮಾತು, ಅದನ್ನು ಯಾರು ನೋಡುತ್ತಾರೆ? ಎಂಟಡಿ ಎಂದು ತಿದ್ದಿದ ನಕ್ಷೆ ಪಕ್ಕದಲ್ಲೇ ಸುರುಳಿಯಾಗಿತ್ತು, ಅವನು ಬಿಚ್ಚಿರಲಿಲ್ಲ. ಆರು ಅಡಿಯ ಪಕ್ಕದಲ್ಲೂ ಅವನ ಕೆಂಪು ಟಿಕ್ ಇತ್ತು. ಚೆಂದದ ಟಿಕ್. ಕಾಫಿ ಬಿಸಿಯಾಗಿಯೇ ಇತ್ತು.

"ಆ ಅಂಚು ನಾನು ಕೂಲಿಗಿದ್ದಾಗ ಕಾಂಕ್ರೀಟ್ ಬಾಣಲಿ ಹೊತ್ತ ಅಂಚು ಸಾರ್," ಅನ್ನುತ್ತಿದ್ದ ಕಾವಲುಗಾರ, ಏಣಿ ಮಡಿಸುತ್ತ. ಮಾತು ಯಾವಾಗ ಶುರುವಾಯಿತೋ ಅವನಿಗೆ ತಿಳಿಯಲಿಲ್ಲ. "ಕಾಂಕ್ರೀಟ್ ಸುರಿಯೋಕೆ ಹಲಗೆ ಹೊಡೆದಾಗಿತ್ತು. ದೊಡ್ಡವರು ಬಂದ್ರು, ನೋಡಿದ್ರು, ಇದೇನಯ್ಯ ಗುಬ್ಬಿಗೂಡು, ಇನ್ನೆರಡಡಿ ಮುಂದಕ್ಕೆ ಬರ್ಲಿ ಅಂದ್ರು. ಬಂತು. ನಕ್ಷೆ ತಿದ್ದಿ ಕಳಿಸಿದ್ರು ಮಾರನೇ ದಿನ. ಕಾಂಕ್ರೀಟ್ ಹಾಕೋ ದಿನ ಕಬ್ಬಿಣ ನೋಡೋಕೆ ನೀವು ಬರ್ತೀರ ಅಂತ ಕಾದ್ವಿ. ಹನ್ನೆರಡರ ತನಕ ಕಾದ್ವಿ."

"ನಂಗೆ ಜ್ವರ ಇತ್ತು ಅವತ್ತು."

"ಇರಬಹುದು ಸಾರ್. ಎಷ್ಟು ವರ್ಷ ಆಯ್ತು, ಜ್ವರ ನೆನಪಿಡೋಕಾಗತ್ತಾ!"

ಜ್ವರ ಇರಲಿಲ್ಲ. ಅವತ್ತು ಅವನು ಹುಡುಗಿ ನೋಡಲು ಹೋಗಿದ್ದ, ಈಗಿನ ಹೆಂಡತಿಯನ್ನೇ. ಮುದುಕನ ಮುಖದಲ್ಲಿ ವ್ಯಂಗ್ಯ ಇದೆಯೇ ಎಂದು ಅವನು ಹುಡುಕಿದ. ಬರೀ ಸುಕ್ಕುಗಳಿದ್ದವು.

ಹೊರಗೆ ಕಾರಿನ ಬಾಗಿಲು ಹಾಕಿಕೊಂಡಿತು, ಕೋಲಿನ ಟಕ್ ಟಕ್ ಕೇಳಿಸಿತು. ಎಪ್ಪತ್ತೆಂಟರ ದೊಡ್ಡವರು, ಇವತ್ತಿನ ಹನ್ನೊಂದು ಗಂಟೆಯ ತನಕ ಸಂಘದ ಅಧ್ಯಕ್ಷರು, ಒಳಗೆ ಬಂದದ್ದೇ ತಲೆಯೆತ್ತಿ ಬಾಲ್ಕನಿಯನ್ನು ನೋಡಿದರು. "ಮೇಲ್ಗಡೆ ತುಂಬಿರ್ಬೇಕು ಕಣಯ್ಯ. ಹೋದ ವರ್ಷದ ಫೋಟೋ ನೋಡಿದೆಯಾ? ಬರೀ ಬೋಳುತಲೆ. ಇದು ಇಂಜಿನಿಯರ್ ಸಂಘವೋ ಕುಂಬಳಕಾಯಿ ಸಂತೆಯೋ ಅಂದಳು ನನ್ನ ಮೊಮ್ಮಗಳು." ನಗುತ್ತ ಜೇಬಿನಿಂದ ಒಂದು ಕಾಗದ ತೆಗೆದು ಕೊಟ್ಟರು. ಹೊಸ ಅಧ್ಯಕ್ಷ ಮಾಡಬೇಕಾದ ಭಾಷಣದ ಟಿಪ್ಪಣಿ. ಮುಂದಿನ ಇಪ್ಪತ್ತೈದು ವರ್ಷ. ಹೊಸ ಸದಸ್ಯರು ಬರುತ್ತಿಲ್ಲ. ಕಂಪ್ಯೂಟರು ಕ್ಷಣದಲ್ಲಿ ಲೆಕ್ಕ ಮಾಡುತ್ತದೆ, ಹುಡುಗರಿಗೆ ಸಂಘ ಯಾಕೆ ಬೇಕು? ಆದ್ದರಿಂದ ಮೊದಲ ಠರಾವು: ಎರಡನೇ ಸಹಿಯ ನಿಯಮ ರದ್ದು. ಲೆಕ್ಕವನ್ನು ಯಂತ್ರವೇ ನೋಡಿಕೊಳ್ಳುತ್ತದೆ, ಇನ್ನೊಬ್ಬ ಮನುಷ್ಯ ಕೂತು ಅದನ್ನೇ ಮಾಡುವುದು ಕಾಲಹರಣ.

"ನಿನ್ನ ಬಾಯಲ್ಲೇ ಬರ್ಬೇಕು. ನಿಯಮ ತಂದವನೇ ತೆಗೆದ್ರೆ ಯಾರೂ ಉಸಿರೆತ್ತಲ್ಲ."

"ಬಾಲ್ಕನಿ..." ಅಂದ ಅವನು. "ಬಾಲ್ಕನಿಗೆ ಅಷ್ಟು ಜನ ಬೇಕಾ ಸರ್? ಹಿಂದೆ ನಿಲ್ಲಿಸೋಣ ಅರ್ಧ."

ದೊಡ್ಡವರು ಅವನನ್ನು ನೋಡಿದರು. ಕಣ್ಣಿಗೆ ಪೊರೆ ಬಂದು ಆಪರೇಷನ್ ಆದ ಮೇಲೆ ಅವರ ನೋಟ ಎಲ್ಲಿ ಮುಗಿಯುತ್ತದೆಂದು ತಿಳಿಯುತ್ತಿರಲಿಲ್ಲ. "ಮೂವತ್ತೊಂದು ವರ್ಷ ನಿಂತಿದೆ. ಅದಕ್ಕಿಂತ ದೊಡ್ಡ ಪರೀಕ್ಷೆ ಇನ್ನೇನಿದೆಯಯ್ಯ?" ಅಂದರು ಮೆತ್ತಗೆ. ಆಮೇಲೆ ಅವನ ಭುಜ ತಟ್ಟಿದರು. "ನಾನು ಮಾಡಿದ್ದು, ನೀನು ನೋಡಿದ್ದು. ನಮ್ಮಿಬ್ಬರ ಹೆಸರೂ ಅದರ ಮೇಲಿದೆ."

ಇವರಿಗೆ ಗೊತ್ತಿದೆ. ಇಲ್ಲ, ಗೊತ್ತಿಲ್ಲ, ಬರೀ ಮುದಿ ಮನುಷ್ಯನ ಮಾತು. ಕೋಲಿನ ಸದ್ದು ವೇದಿಕೆಯ ಕಡೆ ಹೋಯಿತು. ಅದೇ ವೇದಿಕೆ. ಎರಡು ವರ್ಷದ ಹಿಂದೆ ಅವನು ಅಲ್ಲಿ ನಿಂತು ಒಬ್ಬ ಸದಸ್ಯನನ್ನು ಸಂಘದಿಂದ ತೆಗೆದುಹಾಕುವ ತೀರ್ಮಾನ ಓದಿದ್ದ. ಒಂದು ಕಾಲುಸೇತುವೆಯ ಲೆಕ್ಕ ನೋಡದೆ ಸಹಿ ಹಾಕಿದ್ದನೆಂಬ ದೂರು; ಸೇತುವೆ ಬಿದ್ದಿರಲಿಲ್ಲ, ಯಾರಿಗೂ ಏನೂ ಆಗಿರಲಿಲ್ಲ. ನೋಡದೆ ಹಾಕಿದ ಸಹಿ ಸುಳ್ಳು ಸಾಕ್ಷಿಗೆ ಸಮ, ಎಂದು ಓದುವಾಗ ಅವನ ದನಿ ಎಷ್ಟು ಚೆನ್ನಾಗಿ ಸಾಗಿತ್ತು! ಆ ಕುಳ್ಳಗಿನ ಮನುಷ್ಯ ಮೂರನೇ ಸಾಲಿನಲ್ಲಿ ಕೂತು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳದೆ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಚೀಲದಲ್ಲಿಟ್ಟು, ಚೀಲದ ಜಿಪ್ ಎಳೆದಿದ್ದ. ಜಿಪ್ಪು ಮಧ್ಯದಲ್ಲಿ ಸಿಕ್ಕಿಕೊಂಡಿತ್ತು. ಸಭೆಯೆಲ್ಲ ಅವನು ಜಿಪ್ಪಿನೊಂದಿಗೆ ಗುದ್ದಾಡುವುದನ್ನೇ ನೋಡಿತ್ತು. ಯಾರೋ ಕಿಸಕ್ಕೆಂದಿದ್ದರು. ಈಗ ಅವನಿಗೆ ಅನುಮಾನ, ಕಿಸಕ್ಕೆಂದದ್ದು ತಾನೇ ಇರಬಹುದೇ?

ಅವನು ನೀರು ಕುಡಿಯಲೆಂದು ಹಿಂದಿನ ಕೋಣೆಗೆ ಹೋದ. ಲೋಟದ ನೀರು ನಡುಗಿತು. ಕೈಯೋ, ಕಟ್ಟಡವೋ? ಲೋಟವನ್ನು ಮೇಜಿನ ಮೇಲಿಟ್ಟು ದೂರ ನಿಂತು ನೋಡಿದ. ಆಗಲೂ ನಡುಗುತ್ತಿದೆ ಅನ್ನಿಸಿತು. ನೂರಿಪ್ಪತ್ತು ಜನ ಒಟ್ಟಿಗೆ ಎದ್ದು ನಿಂತರೆ? ಚಪ್ಪಾಳೆ ತಟ್ಟುತ್ತ ಎದ್ದು ನಿಲ್ಲುತ್ತಾರೆ, ಹೊಸ ಅಧ್ಯಕ್ಷನಿಗೆ, ಅವನಿಗೆ. ಮೊದಲು ಸದ್ದು ಬರುವುದಿಲ್ಲ. ಧೂಳು ಬರುತ್ತದೆ, ಹಿಟ್ಟು ಜರಡಿ ಹಿಡಿದ ಹಾಗೆ, ಕೆಳಗಿನ ಸಾಲಿನವರ ಬೋಳುತಲೆಗಳ ಮೇಲೆ. ಯಾರೋ ತಲೆ ಸವರಿಕೊಂಡು ಮೇಲೆ ನೋಡುತ್ತಾರೆ. ನೋಡುವಷ್ಟು ಹೊತ್ತು ಇರುತ್ತದೆ. ಬೇರೇನಕ್ಕೂ ಇರುವುದಿಲ್ಲ. ಇಲ್ಲ, ಕೋಲು ತಗುಲಿದ್ದು. ಮೂವತ್ತೊಂದು ವರ್ಷ ನಿಂತಿದೆ. ಎಂಟೆಂಟಲಿ ಅರವತ್ತನಾಲ್ಕು.

ಬಾಗಿಲಲ್ಲಿ ಮಾತು ಕೇಳಿಸಿತು. ಅಕ್ಕನ ಮಗಳ ದನಿ, ಜತೆಗೆ ಕಾವಲುಗಾರನದು.

"ಕೊಡಿ ಅಜ್ಜ, ಎರಡೇ ನಿಮಿಷ. ತಿಂದುಬಿಡಲ್ಲ."

"ನನ್ನ ಪ್ರಾಣ ಕೇಳು ತಾಯಿ, ಕೊಡ್ತೀನಿ. ಗೊಂಚಲು ಕೇಳ್ಬೇಡ."

"ಪ್ರಾಣಕ್ಕೆ ತೂಕ ಇಲ್ಲ ಅಜ್ಜ, ನಂಗೆ ತೂಕ ಬೇಕು."

ಅವನು ಹೊರಗೆ ಬಂದಾಗ ಏಣಿ ಮತ್ತೆ ಬಿಚ್ಚಿಕೊಂಡಿತ್ತು. ಬಾಲ್ಕನಿಯ ಅಂಚಿನಿಂದ ಒಂದು ಬಿಳಿಯ ದಾರ ಇಳಿಬಿದ್ದಿತ್ತು. ದಾರದ ತುದಿಯಲ್ಲಿ ಬೀಗದ ಕೈಗಳ ಗೊಂಚಲು ತೂಗಾಡುತ್ತ, ತೂಗಾಡುತ್ತ, ನಿಂತಿತು. ಗೊಂಚಲಿನ ಕೆಳಗೆ ನೆಲದ ಮೇಲೆ ಅವಳು ಸೀಮೆಸುಣ್ಣದಿಂದ ಗುರುತು ಮಾಡಿದಳು. ಆಮೇಲೆ ಮಂಡಿಯೂರಿ, ಗೋಡೆಯಿಂದ ಆ ಗುರುತಿನ ತನಕ ಟೇಪು ಎಳೆದಳು. ಕಾವಲುಗಾರ ತನ್ನ ಗೊಂಚಲನ್ನು, ಬೇರೆಯವರ ಕೈಯಲ್ಲಿರುವ ಮಗುವನ್ನು ನೋಡುವಂತೆ, ನೋಡುತ್ತ ನಿಂತಿದ್ದ.

ಅವಳು ಬಾಲ್ಕನಿಯ ಅಡಿಯಲ್ಲಿದ್ದಳು, ಸರಿಯಾಗಿ ಆ ಬಿರುಕಿನ ಕೆಳಗೆ. ಅವಳ ಬೈತಲೆ ಕಾಣಿಸುತ್ತಿತ್ತು. ಅವಳಿಗೆ ನಾಲ್ಕು ವರ್ಷವಿದ್ದಾಗ ಅಕ್ಕ ಊರಿಗೆ ಹೋಗಬೇಕಾಗಿ ಬಂದು, ಎರಡು ವಾರ ದಿನಾ ಅವನೇ ಆ ಬೈತಲೆ ತೆಗೆದಿದ್ದ, ಸ್ಕೇಲು ಹಿಡಿದು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

"ಅಲ್ಲಿಂದ ಈಚೆ ಬಾ," ಅಂದ. ದನಿ ಜೋರಾಗಿಯೇ ಬಂತು.

ಅವಳು ತಲೆಯೆತ್ತಿದಳು. "ಯಾಕೆ ಮಾವ?"

"ಧೂಳು. ಧೂಳು ಬೀಳತ್ತೆ."

ಅವಳು ಒಮ್ಮೆ ಮೇಲೆ ನೋಡಿದಳು, ಒಮ್ಮೆ ಅವನನ್ನು. ಎದ್ದು ಮಂಡಿ ಕೊಡವಿಕೊಂಡು, ಕಂಕುಳಲ್ಲಿದ್ದ ಹಾಳೆಗಳನ್ನು ತೆಗೆದುಕೊಂಡು ಈಚೆ ಬಂದಳು. ಹಿಂದಿನ ಕೋಣೆಯಲ್ಲಿ ಅವನೆದುರು ಕುಳಿತು ಹಾಳೆಗಳನ್ನು ಮೇಜಿನ ಮೇಲೆ ಸಮನಾಗಿ ತಟ್ಟಿದಳು. ನೀರಿನ ಲೋಟ ಪಕ್ಕಕ್ಕೆ ಸರಿಸಿದಳು. ಗೋಡೆಯ ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು. ಹೊರಗೆ ಬಸ್ಸೊಂದು ಬಂದು ನಿಂತ ಸದ್ದು, ಒಟ್ಟಿಗೆ ಇಳಿಯುವ ಕಾಲುಗಳ ಸದ್ದು, ಒಟ್ಟಿಗೆ ನಗುವ ಸದ್ದು.

"ಒಂದನೇ ಪುಟ ಎಲ್ಲಿ ಮಾವ?"

"ಹಳೇ ಕಾಗದ. ಎಲ್ಲೋ ಕಳಚಿಕೊಂಡಿರಬೇಕು. ಹುಡುಕಿದೆ, ಸಿಗ್ಲಿಲ್ಲ."

"ಪರವಾಗಿಲ್ಲ. ಎರಡನೇ ಪುಟದಿಂದ ಹಿಂದಕ್ಕೆ ಹೋದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಆಫೀಸಿನಲ್ಲಿ ಇರುವ ದನಿಯೇ ಇತ್ತು, ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು. "ಇಲ್ಲಿ ಮೂವತ್ತಾರರಿಂದ ಗುಣಿಸಿದ್ದಾರೆ. ಮೂವತ್ತಾರು ಬರ್ಬೇಕಾದ್ರೆ ಚಾಚು ಆರಡಿ ಇರ್ಬೇಕು. ಈಗ ಅಳತೆ ಮಾಡಿದೆ. ಎಂಟಡಿ ಅರ್ಧ ಅಂಗುಲ."

ಅರ್ಧ ಅಂಗುಲದ ಸಂಗತಿ ಅವನಿಗೂ ಹೊಸದು.

"ಇನ್ನೊಂದು." ಅವಳು ಹಾಳೆಯೊಂದನ್ನು ಅವನ ಕಡೆ ತಿರುಗಿಸಿದಳು. "ಈ ಟಿಕ್‌ಗಳು ನಿಮ್ಮದಲ್ವಾ? ಎಲ್ಲಾ ಒಂದೇ ತರ ಇವೆ. ಒಂದೇ ಓಟ, ಒಂದೇ ಒತ್ತು. ಲೆಕ್ಕ ಮಾಡ್ತಾ ಹಾಕಿದ್ರೆ ಹಾಗಿರಲ್ಲ ಮಾವ. ಕಷ್ಟದ ಜಾಗದಲ್ಲಿ ಪೆನ್ಸಿಲ್ ನಿಂತಿರತ್ತೆ, ಒಂದು ಚುಕ್ಕಿ ಬಿದ್ದಿರತ್ತೆ. ನೀವೇ ಹೇಳಿಕೊಟ್ಟಿದ್ದು."

ಹೌದು, ಅವನೇ ಹೇಳಿಕೊಟ್ಟಿದ್ದ. ಬೇರೆಯವರ ಕಳ್ಳತನ ಹಿಡಿಯಲೆಂದು. ಕಿವಿಯ ತುದಿಗೆ ಬಿಸಿಯೇರಿತು. ಐವತ್ತೆಂಟು ವರ್ಷದ ಅವನು ಕಾಪಿ ಹೊಡೆದು ಸಿಕ್ಕಿಬಿದ್ದವನ ಹಾಗೆ ಮೇಜಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದ. ಈಗ ಹೇಳಿಬಿಡಬಹುದು. ಎರಡು ವಾಕ್ಯ. ಹೊರಗೆ ಹೋಗಿ, ಬಾಲ್ಕನಿ ಬೇಡ, ಲೆಕ್ಕ ತಪ್ಪಿದೆ, ನಾನು ನೋಡಿರಲಿಲ್ಲ. ಮೂರು ವಾಕ್ಯ. ಬಾಯಿ ತೆರೆದ. ಆದರೆ ಹೊರಬಂದದ್ದು ಬೇರೆ.

"ಈ ಕುರ್ಚಿ ಇವತ್ತು ಖಾಲಿಯಾಗತ್ತೆ," ಅಂದ, ತಾನು ಕೂತಿದ್ದ ಕುರ್ಚಿಯ ತೋಳು ತಟ್ಟಿ. "ಕಾರ್ಯದರ್ಶಿ ಯಾರು ಅಂತ ಅಧ್ಯಕ್ಷನೇ ಹೇಳ್ಬೇಕು. ಐವತ್ತು ವರ್ಷದಲ್ಲಿ ಇಲ್ಲಿ ಹೆಣ್ಣುಮಗಳು ಕೂತಿಲ್ಲ. ಮೂವತ್ತು ವರ್ಷದ ಒಳಗಿನವರಂತೂ ಯಾರೂ ಇಲ್ಲ. ನೀನು ಕೂರ್ತೀಯ. ಎಲ್ಲ ಬದಲಾಯಿಸು ಆಮೇಲೆ. ನಿನ್ನಂಥವರು ಬರ್ತಿಲ್ಲ ಅಂತಲೇ ತಾನೆ ಸಂಘ ಸಾಯ್ತಿರೋದು? ಸೋಮವಾರವೇ ಬಾಲ್ಕನಿಗೆ ಕೆಳಗಿಂದ ಕಂಬ ಕೊಡಿಸೋಣ, ನನ್ನ ಮೊದಲ ಆದೇಶ ಅದೇ. ಇವತ್ತು ಒಂದು ದಿನ. ಎರಡು ಗಂಟೆ ಹೊತ್ತು. ಅರ್ಧ ಜನಾನ ಹಿಂದಿನ ಸಾಲಿಗೆ, ಗೋಡೆಗೆ ಒತ್ತಿ ಕೂರಿಸ್ತೀನಿ."

"ಇವತ್ತು ಎಂಟೆಂಟಲಿ ಎಷ್ಟಾಗತ್ತೆ ಮಾವ?"

ಬಾಗಿಲಲ್ಲಿ ಕಾವಲುಗಾರ ಇಣುಕಿದ. ಗೊಂಚಲು ಮರಳಿ ಅವನ ಕೈ ಸೇರಿತ್ತು. "ಹುಡುಗರು ಬಂದ್ರು ಸಾರ್, ಮೆಟ್ಟಿಲಲ್ಲಿ ನಿಂತವ್ರೆ. ಕಾಗದ ಆಯ್ತಾ?" ಅವನ ಹಿಂದಿನಿಂದ ದೊಡ್ಡವರ ದನಿ, ವೇದಿಕೆಯಿಂದ: "ಏನಯ್ಯ ಅದು, ಒಂದು ಸಹಿಗೆ ಇಷ್ಟು ಹೊತ್ತಾ?"

ಅವನು ಕಾಗದವನ್ನು ಅವಳ ಮುಂದೆ ಸರಿಸಿದ. ಪೆನ್ನಿನ ಮುಚ್ಚಳ ತೆಗೆದು, ಹಿಡಿಯಲು ಅನುಕೂಲವಾಗುವಂತೆ ಅವಳ ಕಡೆಗೆ ಹಿಡಿಕೆ ಮಾಡಿ ಕೊಟ್ಟ. ಅವಳು ತೆಗೆದುಕೊಂಡಳು. ತೆಗೆದುಕೊಂಡಳಲ್ಲ ಎಂಬುದು ನೆಮ್ಮದಿಯೋ ಇನ್ನೂ ದೊಡ್ಡ ಭಯವೋ ಅವನಿಗೆ ತಿಳಿಯಲಿಲ್ಲ.

"ಒಂದು ಸಲ ಕಣ್ಣಾಡಿಸಿ ಹಾಕು ಮಗು," ಅಂದ. ದನಿ ಅವನದಾಗಿರಲಿಲ್ಲ. ಅದು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು.

ಅವಳು ಅವನ ಸಹಿಯನ್ನು ನೋಡಿದಳು. ಅದರ ಕೆಳಗಿನ ಖಾಲಿ ಗೆರೆಯನ್ನು ನೋಡಿದಳು. "ನಾನು ಆ ಬಾಲ್ಕನಿ ಕೆಳಗೆ ಎರಡು ನಿಮಿಷ ನಿಲ್ಲೋದು ಬೇಡ. ಅದಕ್ಕೆ ಸಹಿ ಹಾಕೋದು ಬೇಕು."

"ಹಾಗಲ್ಲ..."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಎದ್ದು, ಮೇಜಿನ ಮೇಲೆ ಬಾಗಿ, ಅದನ್ನು ಅವನ ಅಂಗಿಯ ಜೇಬಿಗೆ ಸಿಕ್ಕಿಸಲು ಹೋದಾಗ ಒಳಗಿದ್ದ ಕಾಗದ ಚರಕ್ಕೆಂದಿತು. ಅವಳ ಬೆರಳು ಅಲ್ಲೇ ನಿಂತಿತು. ಮಡಿಕೆಯ ಅಂಚು ಜೇಬಿನಿಂದ ಒಂದಿಷ್ಟು ಮೇಲೆ ಬಂದಿತ್ತು, ಮೂವತ್ತೊಂದು ವರ್ಷದ ಹಳದಿ, ತುದಿಯಲ್ಲಿ ಒಂದು ಕೆಂಪು ಟಿಕ್‌ನ ಬಾಲ. ಅವಳು ಅದನ್ನು ಎಳೆಯಲಿಲ್ಲ. ಪೆನ್ನನ್ನು ಅದರ ಪಕ್ಕದಲ್ಲಿ ನೇರವಾಗಿ ನಿಲ್ಲಿಸಿ, ಕೈ ತೆಗೆದಳು.

ಬಾಗಿಲಲ್ಲಿ ಬೀಗದ ಕೈಗಳು ಸದ್ದು ಮಾಡಿದವು. "ಎರಡಾಯ್ತಾ ಸಾರ್?"

"ಹಾಕಲ್ಲ ಮಾವ," ಅಂದಳು ಅವಳು.